ಶಾಲಾ ಆವರಣದ ಹಸಿರು: ರಜೆಯ ದಿನಗಳ ಹೊಣೆ ಯಾರದು?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನೀಡಿದ ಉಪನ್ಯಾಸದ ಪಾಠ. ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಶಾಲಾ ಆವರಣದಲ್ಲಿ ಗಿಡಮರ ಮತ್ತು ಕೈತೋಟಗಳ ಮಹತ್ವವನ್ನು ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಮಹತ್ವವೇನೆಂಬುದು ತಮಗೆ ತಿಳಿಯದ ಸಂಗತಿಯಲ್ಲ. ಪ್ರತಿ ವರ್ಷ ಜೂನ್ 5ರಂದು ತಾವೆಲ್ಲರೂ ಯಾವುದಾದರೊಂದು ಶಾಲೆಯ ಅಂಗಳದಲ್ಲಿ ನಿಂತು ಸಸಿ ನೆಟ್ಟಿದ್ದೀರಿ. ನೆಡುವಾಗ ನಾಲ್ಕು ಮಾತುಗಳನ್ನೂ ಆಡಿದ್ದೀರಿ. ನಾನೂ ಆಡಿದ್ದೇನೆ. ಮೂವತ್ತೊಂದು ವರ್ಷ ಅಧ್ಯಾಪಕನಾಗಿದ್ದು, ಕೊನೆಯ ಹದಿನಾಲ್ಕು ವರ್ಷ ಇದೇ ಬಯಲುಸೀಮೆಯ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿದ್ದ ನಾನು ಅಂಥ ಭಾಷಣಗಳನ್ನು ಎಷ್ಟು ಮಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದುದರಿಂದ ಇಂದು ಆ ಸಸಿಗಳು ಮುಂದೆ ಏನಾದವು ಎಂಬಲ್ಲಿಂದ ಪ್ರಾರಂಭಿಸುತ್ತೇನೆ.

ನಾನು ಮುಖ್ಯೋಪಾಧ್ಯಾಯನಾದ ಮೊದಲ ವರ್ಷ ನಲವತ್ತು ಸಸಿಗಳನ್ನು ನೆಡಿಸಿದೆನು. ಛಾಯಾಚಿತ್ರ ತೆಗೆಸಿದೆವು, ವಹಿಯಲ್ಲಿ ಬರೆದೆವು, ಮೇಲಿನ ಕಚೇರಿಗೆ ವರದಿ ಕಳುಹಿಸಿದೆವು. ಮರುವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಉಳಿದಿದ್ದವು ಮೂರು. ಆ ವರ್ಷವೂ ನಲವತ್ತು ಸಸಿ ತರಿಸಿದೆವು. ಹೊಸ ಗುಂಡಿ ತೆಗೆಯುವ ಶ್ರಮವಿರಲಿಲ್ಲ, ಏಕೆಂದರೆ ಹಳೆಯ ಗುಂಡಿಗಳು ಖಾಲಿಯಾಗಿಯೇ ಇದ್ದವು. ಹೀಗೆಯೇ ನಾಲ್ಕು ವರ್ಷ ಸಾಗಿತು. ಐದನೆಯ ವರ್ಷ ಆರನೆಯ ತರಗತಿಯ ಬಾಲಕಿಯೊಬ್ಬಳು ಕೈಯಲ್ಲಿ ಹೊಂಗೆಯ ಸಸಿ ಹಿಡಿದು ನನ್ನ ಬಳಿ ಬಂದು, "ಸಾರ್, ಈ ಗುಂಡೀಲಿ ಹೋದ ವರ್ಷಾನೂ ನಾನೇ ನೆಟ್ಟಿದ್ದೆ" ಎಂದಳು. ದೂರುವ ಧ್ವನಿಯಲ್ಲಿ ಅವಳು ಹೇಳಲಿಲ್ಲ; ತನ್ನ ಜಾಗ ತನಗೆ ಸಿಕ್ಕಿತೆಂಬ ಸಂತೋಷದಿಂದಲೇ ಹೇಳಿದಳು. ನಾಲ್ಕು ವರ್ಷ ನಾವು ಆ ಮಕ್ಕಳಿಗೆ ಕಲಿಸಿದ್ದು ಪರಿಸರ ಸಂರಕ್ಷಣೆಯನ್ನಲ್ಲ. ಸಸಿ ನೆಡುವುದೆಂದರೆ ಒಂದು ದಿನದ ಸಮಾರಂಭ, ಅದು ಒಣಗುವುದು ಸಹಜ ಎಂಬುದನ್ನು ಎಂದು ನನಗೆ ಆಗ ಹೊಳೆಯಿತು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ' ಎಂಬ ಗಾದೆಯನ್ನು ಶಾಲೆಗಳಲ್ಲಿ ನಾವು ಧಾರಾಳವಾಗಿ ಬಳಸುತ್ತೇವೆ. ಬಗ್ಗುವುದಕ್ಕಾದರೂ ಗಿಡ ಬದುಕಿರಬೇಕಲ್ಲವೆ?

ಸಸಿಗಳು ಯಾವಾಗ ಸಾಯುತ್ತವೆ ಎಂಬುದನ್ನು ಆ ವರ್ಷ ಗಮನಿಸಿ ನೋಡಿದೆನು. ಜೂನ್‌ನಿಂದ ಮಾರ್ಚ್‌ವರೆಗೆ ಹೆಚ್ಚಿನವು ಹೇಗೋ ಉಳಿಯುತ್ತವೆ. ಮಕ್ಕಳಿದ್ದಾರೆ, ಬಿಸಿಯೂಟದ ಕೈತೊಳೆಯುವ ನೀರಿದೆ, ಮೇಕೆ ಬಂದರೆ ಓಡಿಸುವವರಿದ್ದಾರೆ. ಏಪ್ರಿಲ್ ಎರಡನೆಯ ವಾರದಲ್ಲಿ ಬೇಸಿಗೆ ರಜೆ ಆರಂಭವಾಗುತ್ತದೆ. ಶಾಲೆಗೆ ಬೀಗ ಬೀಳುತ್ತದೆ, ಅಡುಗೆಯವರು ಬರುವುದಿಲ್ಲ, ಗೇಟಿನ ಸಂದಿಯಿಂದ ದನಕರುಗಳು ಒಳಗೆ ಬರುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಭಾಗದ ಬಿಸಿಲು ಎಂಥದೆಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ಅಶ್ವಿನಿ ಭರಣಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೇ ತಿಂಗಳ ಕೊನೆಯಲ್ಲಿ ಶಾಲೆ ತೆರೆಯುವ ಹೊತ್ತಿಗೆ ಕಡ್ಡಿ ಮಾತ್ರ ಉಳಿದಿರುತ್ತದೆ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ, 2009ರ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ಗಿಡಕ್ಕೆ ಮಾತ್ರ 365 ದಿನವೂ ಬದುಕಬೇಕು. ನಡುವೆ ಉಳಿಯುವ 145 ದಿನಗಳಲ್ಲಿ ಅದನ್ನು ನೋಡಿಕೊಳ್ಳುವವರು ಯಾರು? ಶಿಕ್ಷಕರು ಬೇರೆ ಊರುಗಳವರು. ಮಕ್ಕಳು ಅಜ್ಜಿಯ ಮನೆಗೆ ಹೋಗುತ್ತಾರೆ. ಆ 145 ದಿನವೂ ಊರಿನಲ್ಲಿಯೇ ಇರುವ, ನೀರಿನ ಕೀಲಿ ತನ್ನ ಕೈಯಲ್ಲಿಯೇ ಇರುವ ಸಂಸ್ಥೆ ಒಂದೇ ಒಂದು. ಅದು ತಮ್ಮದು. ನಾನು ಇಂದು ತಮ್ಮ ಮುಂದೆ ನಿಂತಿರುವುದು ಮುಖ್ಯವಾಗಿ ಈ ಮಾತನ್ನು ಹೇಳುವುದಕ್ಕಾಗಿ.

ಇದು ಹೆಚ್ಚುವರಿ ಹೊರೆಯೆಂದು ಕೆಲವರಿಗೆ ತೋರಬಹುದು. ಸಂವಿಧಾನದ 73ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವಿದೆ, ಸಾಮಾಜಿಕ ಅರಣ್ಯವಿದೆ, ಕುಡಿಯುವ ನೀರಿದೆ, ಸಮುದಾಯದ ಆಸ್ತಿಗಳ ನಿರ್ವಹಣೆಯೂ ಇದೆ. ಶಾಲೆಯ ಅಂಗಳದ ಮರ ಈ ನಾಲ್ಕಕ್ಕೂ ಸೇರಿದ್ದು. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಾದರೋ ಕೊಠಡಿ, ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಮೈದಾನ, ಆವರಣ ಗೋಡೆ ಅಥವಾ ಬೇಲಿ ಇವುಗಳನ್ನು ಹೆಸರಿಸುತ್ತದೆ. ಮರದ ಹೆಸರನ್ನಾಗಲಿ ತೋಟದ ಹೆಸರನ್ನಾಗಲಿ ಎತ್ತುವುದಿಲ್ಲ. ಆದ್ದರಿಂದಲೇ ತಪಾಸಣೆಗೆ ಬಂದವರು ಶೌಚಾಲಯದ ಬಾಗಿಲು ನೋಡುತ್ತಾರೆ, ಮರವನ್ನು ಎಣಿಸುವುದಿಲ್ಲ. ಕಾಯಿದೆ ಬಿಟ್ಟಿರುವ ಈ ಜಾಗವನ್ನು ಗ್ರಾಮ ಪಂಚಾಯಿತಿಯ ನಿರ್ಣಯವೊಂದು ತುಂಬಬಲ್ಲುದು.

ಇನ್ನು ಇದರಿಂದ ಮಕ್ಕಳಿಗೆ ಆಗುವ ಪ್ರಯೋಜನ. ಇಲ್ಲಿ ಉತ್ಪ್ರೇಕ್ಷೆ ಬೇಡ. ತೋಟ ಮಾಡಿದ ಮಾತ್ರಕ್ಕೆ ಮಕ್ಕಳೆಲ್ಲ ರ‍್ಯಾಂಕು ಪಡೆಯುವುದಿಲ್ಲ. ಆದರೆ ಕೆಲವು ಸಂಗತಿಗಳನ್ನು ವಿದ್ವಾಂಸರು ಅಳತೆ ಮಾಡಿ ನೋಡಿದ್ದಾರೆ. ಸ್ಪೇನ್ ದೇಶದ ಬಾರ್ಸಿಲೋನಾ ನಗರದ 36 ಶಾಲೆಗಳ 2,593 ಮಕ್ಕಳನ್ನು ಹನ್ನೆರಡು ತಿಂಗಳು ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಶಾಲೆಯ ಒಳಗೆ ಮತ್ತು ಸುತ್ತ ಹೆಚ್ಚು ಹಸಿರಿದ್ದ ಕಡೆ ಮಕ್ಕಳ ಸ್ಮರಣಶಕ್ತಿ ಹೆಚ್ಚು ಬೆಳೆದಿತ್ತು, ಗಮನ ಚದುರುವುದು ಕಡಿಮೆಯಾಗಿತ್ತು. ಅದರಲ್ಲಿ ಒಂದು ಪಾಲು ವಾಹನಗಳ ಹೊಗೆ ಕಡಿಮೆಯಾದುದರ ಫಲವೆಂದು ಅವರೇ ಹೇಳಿದ್ದಾರೆ. ಆ ಪಾಲು ನಮ್ಮ ಹಳ್ಳಿಗಳಿಗೆ ಅಷ್ಟಾಗಿ ಅನ್ವಯಿಸದು. ಹೆದ್ದಾರಿಯ ಪಕ್ಕದ ಶಾಲೆಗಳಿಗಾದರೆ ಅನ್ವಯಿಸೀತು. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿ ಅರ್ಧದಷ್ಟು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ಪ್ರತಿದಿನ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷಗಳ ನಂತರ ನೋಡಿದಾಗ, ಹಾಗೆ ಬಿಡದ ಶಾಲೆಗಳಲ್ಲಿ ನೂರಕ್ಕೆ 39.5 ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದಿತ್ತು; ಬಿಟ್ಟ ಶಾಲೆಗಳಲ್ಲಿ 30.4 ಮಕ್ಕಳಿಗೆ. ನಮ್ಮ ಮಕ್ಕಳೂ ಈಗ ಮೊಬೈಲ್ ಹಿಡಿದವರೇ. ಆದರೆ ಮಾರ್ಚ್ ತಿಂಗಳ ಮಧ್ಯಾಹ್ನ ಮಗುವನ್ನು ಹೊರಗೆ ಬಿಡಬೇಕೆಂದರೆ ಹೊರಗೆ ನೆರಳಿರಬೇಕು. ನಮ್ಮ ಜಿಲ್ಲೆಯಲ್ಲಿ ನೆರಳಿಲ್ಲದ ಮೈದಾನ ವರ್ಷದ ನಾಲ್ಕು ತಿಂಗಳು ಮೈದಾನವೇ ಅಲ್ಲ.

ಸಂಶೋಧನೆಯ ಮಾತನ್ನು ಅಲ್ಲಿಗೆ ಬಿಟ್ಟು ನಾನೇ ಕಂಡುದನ್ನು ಹೇಳುತ್ತೇನೆ. ನಮ್ಮ ಶಾಲೆಯ ಕೈತೋಟದಲ್ಲಿ ಒಂದು ನಿಂಬೆ ಗಿಡ, ಎರಡು ಕರಿಬೇವಿನ ಗಿಡಗಳಿದ್ದವು. ನಿಂಬೆ ಮತ್ತು ಕರಿಬೇವಿನ ಎಲೆಗಳ ಮೇಲೆ ಕೆಲವು ಜಾತಿಯ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ದಿನೇ ದಿನೇ ಹಸಿರಾಗಿ, ದಪ್ಪವಾಗಿ, ಗೂಡು ಕಟ್ಟಿ, ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಚಿಟ್ಟೆಯಾಗಿ ಹೊರಬಂದಾಗ ಪ್ರಾರ್ಥನೆಯ ಸಾಲೇ ಕೆಟ್ಟುಹೋಯಿತು. ವಿಜ್ಞಾನದ ಪಠ್ಯಪುಸ್ತಕದ ಜೀವನಚಕ್ರದ ಚಿತ್ರವನ್ನು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೆನು. ಅಂದಿನಿಂದ ಬರೆಯುವ ಅಗತ್ಯ ಬೀಳಲಿಲ್ಲ. ಕ್ಷೇತ್ರಫಲದ ಲೆಕ್ಕವನ್ನು ಮಡಿಗಳ ಮೇಲೆ ಮಾಡಿಸಿದೆವು. ಓದಿನಲ್ಲಿ ಹಿಂದುಳಿದವನೆಂದು ನಾವು ಹಣೆಪಟ್ಟಿ ಹಚ್ಚಿದ್ದ ಹುಡುಗನೊಬ್ಬನು ಅವರೆಯ ಬಳ್ಳಿಗೆ ಯಾವ ರೋಗ ಬಂದಿದೆಯೆಂಬುದನ್ನು ನನಗಿಂತ ಮೊದಲು ಗುರುತಿಸಿದನು. ಆತನ ತಂದೆ ಜಮೀನಿನಲ್ಲಿ ಕೂಲಿ ಮಾಡುವವರು. ಶಾಲೆಯಲ್ಲಿ ಮೊದಲ ಸಲ ಆ ಮಗುವಿನ ಮನೆಯ ವಿದ್ಯೆಗೆ ಬೆಲೆ ಬಂದಿತ್ತು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿಗೆ ಶಾಲಾ ಶಿಕ್ಷಣವಿರಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, ಬೀಜ ಮತ್ತು ಸಸಿಗಳ ಅರಿವಿನಿಂದಲೇ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಅಂಥ ಅರಿವುಳ್ಳ ಹಿರಿಯರು ತಮ್ಮ ಊರಿನಲ್ಲಿಯೂ ಇದ್ದಾರೆ. ವಾರಕ್ಕೆ ಒಂದು ಗಂಟೆ ಅವರನ್ನು ಶಾಲೆಗೆ ಕರೆಸುವ ಕೆಲಸ ಸದಸ್ಯರಿಂದಲೇ ಆಗಬೇಕು. ಶಿಕ್ಷಕರ ಮಾತಿಗಿಂತ ತಮ್ಮ ಮಾತಿಗೆ ಅವರು ಬರುತ್ತಾರೆ.

ಒಂದು ಅಡ್ಡಮಾತು. ಎಲ್‌ಕೆಜಿ, ಯುಕೆಜಿ ಇಲ್ಲವೆಂದು ಪಾಲಕರು ಸರ್ಕಾರಿ ಶಾಲೆ ಬಿಟ್ಟು ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಿದ್ದಾರೆಂಬುದು ನಮ್ಮೆಲ್ಲರ ಅಳಲು. ಆ 'ಕೆಜಿ' ಎಂದರೆ ಕಿಂಡರ್‌ಗಾರ್ಟನ್. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞ 1840ರಲ್ಲಿ ಇಟ್ಟ ಹೆಸರು. ಅರ್ಥ ಮಕ್ಕಳ ತೋಟ. ಅವನು ಪ್ರತಿ ಮಗುವಿಗೂ ಒಂದೊಂದು ಪುಟ್ಟ ಪಾತಿ ಕೊಟ್ಟು ಬೆಳೆಸಲು ಹೇಳುತ್ತಿದ್ದನು. ಪೇಟೆಯಲ್ಲಿ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಡೆಯುವ ಕೆಜಿಯಲ್ಲಿ ತೋಟ ಎಲ್ಲಿಂದ ಬರಬೇಕು? ಅರ್ಧ ಎಕರೆ, ಒಂದು ಎಕರೆ ಜಾಗವಿರುವುದು ನಮ್ಮ ಸರ್ಕಾರಿ ಶಾಲೆಗಳಲ್ಲಿ. ನಮ್ಮಲ್ಲಿರುವ ಈ ಒಂದು ಸಂಪತ್ತನ್ನು ನಾವೇ ಕಾಣದೆ ಕುಳಿತಿದ್ದೇವೆ.

ಊಟದ ವಿಷಯಕ್ಕೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆಯಿದೆ. ಒಂದನೆಯ ತರಗತಿಗೆ ದಾಖಲಾಗುವವರು ಆ ಮಕ್ಕಳೇ. ಬಿಸಿಯೂಟದ ಸಾರಿನಲ್ಲಿ ತರಕಾರಿ ಎಷ್ಟಿರುತ್ತದೆಂಬುದು ಸಂತೆಯ ಬೆಲೆಯನ್ನು ಅವಲಂಬಿಸಿದೆಯೆಂಬುದು ಅಡುಗೆಮನೆಯ ವಹಿ ನೋಡಿದವರಿಗೆಲ್ಲ ಗೊತ್ತು. ದಂಟಿನ ಸೊಪ್ಪು ಬಿತ್ತಿದ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ನುಗ್ಗೆ ಒಮ್ಮೆ ಬೇರೂರಿದರೆ ಬರಗಾಲದಲ್ಲಿಯೂ ಸೊಪ್ಪು ಕೊಡುತ್ತದೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ನೆಲ್ಲಿಕಾಯಿಯಿಂದಲೂ ಅದೇ ಪ್ರಯೋಜನ. ನಾಲ್ಕು ನುಗ್ಗೆ, ಎರಡು ನಿಂಬೆ, ಎರಡು ಕರಿಬೇವು, ಒಂದು ನೆಲ್ಲಿ, ಕೈತೊಳೆಯುವ ನೀರು ಹರಿಯುವಲ್ಲಿ ನಾಲ್ಕು ಬಾಳೆ: ಇಷ್ಟಿದ್ದರೆ ಶಾಲೆಯ ಅಡುಗೆಮನೆಗೆ ದೊಡ್ಡ ಆಸರೆ. ಕೇಂದ್ರ ಶಿಕ್ಷಣ ಸಚಿವಾಲಯ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿಗಳನ್ನು 2019ರಲ್ಲಿಯೇ ಹೊರಡಿಸಿದೆ. ನೆಲವಿಲ್ಲದ ಶಾಲೆಗಳಲ್ಲಿ ಕುಂಡ, ಚೀಲಗಳಲ್ಲಿಯೂ ಬೆಳೆಯಬಹುದೆಂದು ಅದರಲ್ಲಿ ಹೇಳಿದೆ.

ಈಗ ನೀರಿನ ಲೆಕ್ಕ. ಸಭೆಗಳಲ್ಲಿ ಶಾಲೆಯ ತೋಟದ ಮಾತು ಬಂದೊಡನೆ "ಕುಡಿಯಲಿಕ್ಕೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ ತರುವುದು?" ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಲೆಕ್ಕ ಹಾಕಿ ನೋಡಬೇಕು. ತರಕಾರಿ ಮಡಿಗಳಿಗೆ ಬೇಸಿಗೆಯಲ್ಲಿ ನೀರು ಬೇಕಿಲ್ಲ. ಮಾರ್ಚ್ ಕೊನೆಗೆ ಕೊನೆಯ ಕೊಯ್ಲು ಮುಗಿಸಿ, ಒಣಗಿದ ಎಲೆ ಹೊದಿಸಿ ಮಡಿಯನ್ನು ಬಿಟ್ಟುಬಿಡಬಹುದು. ನೀರು ಬೇಕಾಗಿರುವುದು ಎಳೆಯ ಮರಗಳಿಗೆ, ಅದೂ ಮೊದಲ ಎರಡು ಮೂರು ಬೇಸಿಗೆ ಮಾತ್ರ. ಹನ್ನೆರಡು ಸಸಿಗಳಿವೆಯೆಂದುಕೊಳ್ಳಿ. ವಾರಕ್ಕೆ ಎರಡು ಸಲ, ಪ್ರತಿ ಸಸಿಗೆ 20 ಲೀಟರ್‌ನಂತೆ ವಾರಕ್ಕೆ 480 ಲೀಟರ್. ರಜೆಯ ಏಳು ವಾರಗಳಿಗೆ 3,360 ಲೀಟರ್. ಊರಿಗೆ ಬರುವ ನೀರಿನ ಟ್ಯಾಂಕರ್ ಸಾಮಾನ್ಯವಾಗಿ 5,000 ಲೀಟರಿನದು. ಅಂದರೆ ಇಡೀ ರಜೆಗೆ ಒಂದು ಟ್ಯಾಂಕರ್ ನೀರೂ ಬೇಕಾಗುವುದಿಲ್ಲ. ಬುಡದ ಪಕ್ಕದಲ್ಲಿ ತೂತಿನ ಮಡಕೆ ಹೂಳಿ ಅದಕ್ಕೆ ನೀರು ತುಂಬಿಸಿದರೆ ಇನ್ನೂ ಕಡಿಮೆ ಸಾಕು.

ಶಾಲೆಯ ಚಾವಣಿಯನ್ನೂ ಮರೆಯಬಾರದು. ನೂರು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ 50,000 ಲೀಟರ್. ಸೋರಿದ್ದು ಆರಿದ್ದು ಕಳೆದರೂ 40,000 ಲೀಟರ್ ಹಿಡಿಯಬಹುದು. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಮುಚ್ಚಿದ ತೊಟ್ಟಿಯಲ್ಲಿ ಉಳಿಸಿಕೊಂಡರೆ ಬೇಸಿಗೆಯ ಸಸಿಗಳ ಪಾಡು ಮುಗಿಯಿತು.

ನಮ್ಮ ಶಾಲೆಯಲ್ಲಿ ಆದ ಬದಲಾವಣೆ ಹೀಗೆಯೇ ಬಂದಿತು. ಆ ಬಾಲಕಿಯ ಮಾತು ಕೇಳಿದ ವರ್ಷ ನಲವತ್ತು ಸಸಿಗಳ ಆಸೆ ಬಿಟ್ಟು ಹನ್ನೆರಡನ್ನು ಮಾತ್ರ ಇಟ್ಟುಕೊಂಡೆವು. ಆ ವಾರ್ಡಿನ ಪಂಚಾಯಿತಿ ಸದಸ್ಯೆಯಾಗಿದ್ದ ತಾಯಿಯೊಬ್ಬರ ಮುಂದೆ ಈ ಲೆಕ್ಕವಿಟ್ಟೆನು. ಅವರಿಗೆ ಓದು ಹೆಚ್ಚು ಬಾರದು. ಆದರೆ ಟ್ಯಾಂಕರ್ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತಿತ್ತು. ಮುಂದಿನ ಸಾಮಾನ್ಯ ಸಭೆಯಲ್ಲಿ ಅವರು ಒಂದು ನಿರ್ಣಯ ಮಾಡಿಸಿದರು: ಬೇಸಿಗೆ ರಜೆಯಲ್ಲಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ನೀರುಗಂಟಿಯು ಶಾಲೆಯ ತೊಟ್ಟಿಗೆ ನೀರು ಬಿಡತಕ್ಕದ್ದು, ಶಾಲೆಯ ಪಕ್ಕದಲ್ಲಿಯೇ ಮನೆಯಿದ್ದ ಬಿಸಿಯೂಟದ ಅಡುಗೆಯವರು ಸಸಿಗಳಿಗೆ ಹಾಕತಕ್ಕದ್ದು, ಅದಕ್ಕೆ ಅವರಿಗೆ ಸಂಭಾವನೆ ಕೊಡತಕ್ಕದ್ದು. ಮೂರೇ ಸಾಲು. ಮರುವರ್ಷ ಜೂನ್‌ನಲ್ಲಿ ಬೀಗ ತೆಗೆದಾಗ ಹನ್ನೊಂದು ಸಸಿಗಳು ಚಿಗುರಿ ನಿಂತಿದ್ದವು. ಸಂಭಾವನೆಯ ಸಾಲು ಬಹಳ ಮುಖ್ಯವೆಂಬುದನ್ನು ಒತ್ತಿ ಹೇಳುತ್ತೇನೆ. ಅಡುಗೆ ಮಾಡುವ ಹೆಣ್ಣುಮಕ್ಕಳಿಂದ ಪುಕ್ಕಟೆ ದುಡಿಮೆ ನಿರೀಕ್ಷಿಸಿದ ಕಡೆಗಳಲ್ಲೆಲ್ಲ ಈ ಏರ್ಪಾಡು ಎರಡನೆಯ ವಾರಕ್ಕೇ ನಿಂತುಹೋದುದನ್ನು ನಾನು ನೋಡಿದ್ದೇನೆ.

ಸಾಲುಮರದ ತಿಮ್ಮಕ್ಕನವರ ಹೆಸರನ್ನು ಹೇಳದ ಸಸಿ ನೆಡುವ ಸಮಾರಂಭವಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಅವರೂ ಅವರ ಪತಿಯೂ ಆಲದ ಗಿಡಗಳನ್ನು ನೆಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಅವರು ಆ ಗಿಡಗಳಿಗೆ ಕೊಡಗಳಲ್ಲಿ ನೀರು ಹೊತ್ತದ್ದು, ದನ ತಿನ್ನದಂತೆ ಮುಳ್ಳು ಕಟ್ಟಿದ್ದು, ಅದನ್ನು ವರ್ಷಗಟ್ಟಲೆ ಮಾಡಿದ್ದು ಸಮಾರಂಭದ ಗದ್ದಲದಲ್ಲಿ ಬಿಟ್ಟುಹೋಗುತ್ತದೆ.

ನೆಡುವ ಕ್ರಮದ ಬಗ್ಗೆಯೂ ಎರಡು ಮಾತು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಮಳೆಗಾಲಕ್ಕೆ ಮೊದಲೇ ತೆಗೆಸಿ ಬಿಸಿಲಿಗೆ ಬಿಡಬೇಕು. ಜೂನ್ 5 ಎಂಬುದು ಮಲೆನಾಡಿಗೆ ಹೊಂದೀತು. ನಮ್ಮ ಪೂರ್ವದ ತಾಲ್ಲೂಕುಗಳಲ್ಲಿ ಆ ಹೊತ್ತಿಗೆ ಎಷ್ಟೋ ಸಲ ಮಣ್ಣು ಇನ್ನೂ ನೆನೆದೇ ಇರುವುದಿಲ್ಲ. ಸಮಾರಂಭ ಅಂದೇ ಆಗಲಿ, ಅಡ್ಡಿಯಿಲ್ಲ. ಉಳಿದ ಸಸಿಗಳನ್ನು ಮಣ್ಣು ಒಂದು ಮೊಳ ಆಳ ನೆನೆದ ಮೇಲೆ ನೆಡಿಸಿ. ನೆರಳಿಗೆ ಹೊಂಗೆಯಂಥ ಮರ ನಮ್ಮ ಸೀಮೆಗೆ ಇನ್ನೊಂದಿಲ್ಲ. ಯುಗಾದಿಯ ಹೊತ್ತಿಗೆ ಎಲೆ ಉದುರಿಸಿ ಕೆಲವೇ ದಿನಗಳಲ್ಲಿ ಚಿಗುರಿ, ಬಿಸಿಲು ಏರುವಾಗ ಸರಿಯಾಗಿ ನೆರಳು ಹಿಡಿಯುತ್ತದೆ. ಜಾನುವಾರುಗಳು ಅದನ್ನು ಅಷ್ಟಾಗಿ ಮೇಯುವುದೂ ಇಲ್ಲ. ಬೇವು, ಹುಣಸೆ, ನೇರಳೆ, ಸೀತಾಫಲ ಇವುಗಳೂ ಆಗುತ್ತವೆ. ಅಂದಕ್ಕಾಗಿ ಕಣಗಿಲೆ ಹಾಕಬೇಡಿ. ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಬೇಲಿಗೆಂದು ಕಾಡುಹರಳನ್ನು ನೆಡಬೇಡಿ. ಅದರ ಬೀಜ ತಿಂದು ಶಾಲಾ ಮಕ್ಕಳು ಆಸ್ಪತ್ರೆ ಸೇರಿದ ಪ್ರಸಂಗಗಳು ದೇಶದ ಹಲವು ಕಡೆ ನಡೆದಿವೆ. ದತ್ತೂರಿ, ಗುಲಗಂಜಿ ಕಂಡರೆ ಕೀಳಿಸಿ. ದಿನ ಬೆಳಗಾದರೆ ಗುಡಿಸಿದ ಎಲೆಗೆ ಬೆಂಕಿ ಹಚ್ಚುವ ಪದ್ಧತಿ ಬಹಳಷ್ಟು ಶಾಲೆಗಳಲ್ಲಿದೆ. ಆ ಎಲೆಯೇ ಗಿಡದ ಬುಡಕ್ಕೆ ಹೊದಿಕೆ, ಗುಂಡಿಗೆ ಹಾಕಿದರೆ ಗೊಬ್ಬರ.

ಇನ್ನು ಹೇಳುವ ಮಾತು ಕೆಲವರಿಗೆ ಇರಿಸುಮುರಿಸಾಗಬಹುದು. ತೋಟದ ಕೆಲಸ ಶುರುವಾಗಿ ಎರಡು ವರ್ಷವಾದ ಮೇಲೆ ನಾನು ಒಂದು ದಿನ ಸುಮ್ಮನೆ ನಿಂತು ನೋಡಿದೆನು. ನೀರು ಹೊರುತ್ತಿದ್ದವರೆಲ್ಲ ಹುಡುಗಿಯರು. ಕಸ ಗುಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದವರು ಒಂದೇ ಕೇರಿಯ ಮಕ್ಕಳು. ಸೊಪ್ಪು ಕೊಯ್ದು ಅಡುಗೆಮನೆಗೆ ಒಯ್ಯುವ ಗೌರವದ ಕೆಲಸ ಬೇರೆಯವರದು. ಯಾರೂ ಹಾಗೆ ಆಜ್ಞೆ ಮಾಡಿರಲಿಲ್ಲ. ಊರು ಹೇಗಿದೆಯೋ ಹಾಗೆ ತೋಟವೂ ತನ್ನಷ್ಟಕ್ಕೆ ಹಂಚಿಹೋಗಿತ್ತು. ಮರುದಿನದಿಂದ ಹಾಜರಿ ಪುಸ್ತಕದ ಕ್ರಮಸಂಖ್ಯೆಯ ಪ್ರಕಾರ ಸರದಿ ಹಾಕಿದೆವು. ಮೊದಲ ವಾರ ಇಬ್ಬರು ಪಾಲಕರು ಬಂದು ಕೂಗಾಡಿದರು. ಶಾಲಾಭಿವೃದ್ಧಿ ಸಮಿತಿಯವರು ನನ್ನ ಪರ ನಿಂತುದರಿಂದ ಸರದಿ ಉಳಿಯಿತು. ಶಾಲೆಗೆ ಭೇಟಿ ಕೊಟ್ಟಾಗ ತೋಟ ಚೆನ್ನಾಗಿದೆಯೆಂದು ಹೊಗಳುವುದಕ್ಕೆ ಮೊದಲು ಅಲ್ಲಿ ಯಾರು ಯಾವ ಕೆಲಸ ಮಾಡುತ್ತಿದ್ದಾರೆಂಬುದನ್ನು ದಯಮಾಡಿ ನೋಡಿ. ಪಾಠದ ಅವಧಿಯನ್ನು ತಿಂದು ಮಕ್ಕಳಿಂದ ಕೂಲಿ ಮಾಡಿಸುವುದು, ಗುಂಡಿ ತೋಡಿಸುವುದು, ಬಾವಿಯಿಂದ ನೀರು ಸೇದಿಸುವುದು ಸಲ್ಲದು. ಅವು ದೊಡ್ಡವರ ಕೆಲಸಗಳು. ಶಾಲಾ ಪೌಷ್ಟಿಕ ತೋಟ, ಆವರಣ ಗೋಡೆ, ಮಳೆನೀರು ಕೊಯ್ಲು ಮುಂತಾದವನ್ನು ಉದ್ಯೋಗ ಖಾತರಿಯ ಕ್ರಿಯಾ ಯೋಜನೆಯಲ್ಲಿ ಸೇರಿಸಿ ಮಾಡಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಯಾವ ಲೆಕ್ಕಶೀರ್ಷಿಕೆಯಲ್ಲಿ ಸೇರಿಸಬಹುದೆಂಬುದನ್ನು ತಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಂದ ಕೇಳಿ ತಿಳಿಯಬಹುದು.

ತಮ್ಮ ಮೇಲೆ ಒಂದು ಆಕ್ಷೇಪಣೆಯೂ ನನಗಿದೆ, ಕ್ಷಮಿಸಬೇಕು. ಶಾಲೆಗೆ ಏನಾದರೂ ಮಾಡಬೇಕೆಂದಾಗ ಪಂಚಾಯಿತಿಗಳಿಗೆ ಮೊದಲು ಹೊಳೆಯುವುದು ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಸುವುದು. ಮಳೆಗಾಲದ ಕೆಸರು ನಿಜವಾದ ತೊಂದರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗೋಡೆಯಿಂದ ಗೋಡೆಯವರೆಗೆ ಹಾಸಿದ ಮೇಲೆ ಮಳೆಯ ನೀರಿನ ಬಹುಪಾಲು ನೆಲಕ್ಕೆ ಇಳಿಯದೆ ಚರಂಡಿಗೆ ಹೋಗುತ್ತದೆ. ಇದ್ದ ಮರದ ಬುಡಕ್ಕೂ ಕಾಂಕ್ರೀಟ್ ಮೆತ್ತಿರುತ್ತಾರೆ. ಮಾರ್ಚ್ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ, ಬಿಸಿಯೂಟದ ತಟ್ಟೆ ಹಿಡಿದು ಬರಿಗಾಲಿನಲ್ಲಿ ಆ ಅಂಗಳ ದಾಟುವ ಮಗುವಿನೊಡನೆ ತಾವೂ ಒಮ್ಮೆ ಚಪ್ಪಲಿ ಬಿಟ್ಟು ನಡೆದು ನೋಡಬೇಕು. ಗೇಟಿನಿಂದ ಕೊಠಡಿಗಳವರೆಗೆ ನಾಲ್ಕು ಅಡಿ ಅಗಲದ ಹಾದಿ ಹಾಸಿದರೆ ಕೆಸರಿನ ತೊಂದರೆ ತೀರುತ್ತದೆ. ಉಳಿದುದು ಮಣ್ಣಾಗಿಯೇ ಇರಲಿ.

ಕಟ್ಟಡದ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಆ ಹನ್ನೊಂದು ಸಸಿಗಳು ಮರಗಳಾಗಿ, ಮಕ್ಕಳು ಅವುಗಳ ಕೆಳಗೆ ಕುಳಿತು ಉಣ್ಣುತ್ತಿದ್ದ ಕಾಲದಲ್ಲಿ ನಮಗೆ ಎರಡು ಹೊಸ ಕೊಠಡಿಗಳು ಮಂಜೂರಾದವು. ನಕ್ಷೆ ಬಂದಿತು. ನಕ್ಷೆಯಲ್ಲಿ ಮರಗಳಿರಲಿಲ್ಲ; ಕೊಠಡಿಗಳನ್ನು ಗುರುತಿಸಿದ್ದ ಜಾಗದಲ್ಲಿ ಮೂರು ಹೊಂಗೆ ಮರಗಳಿದ್ದವು. ಇಪ್ಪತ್ತು ಅಡಿ ಪಶ್ಚಿಮಕ್ಕೆ ಸರಿಸಿದ್ದರೆ ಮೂರೂ ಉಳಿಯುತ್ತಿದ್ದವು. ಅನುದಾನ ವಾಪಸು ಹೋದೀತೆಂಬ ಆತುರದಲ್ಲಿ ಯಾರೂ ಕೇಳಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವನು ನಾನು. ಒಂದು ಶನಿವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ಮರಗಳನ್ನು ಕಡಿದರು. ಸೋಮವಾರ ಬೆಳಿಗ್ಗೆ ಮಕ್ಕಳು ನನ್ನನ್ನು ಏನೂ ಕೇಳಲಿಲ್ಲ. ಊಟದ ಹೊತ್ತಿಗೆ ತಟ್ಟೆ ಹಿಡಿದು ಮೊದಲಿನ ಜಾಗಕ್ಕೇ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ವರಾಂಡಕ್ಕೆ ಬಂದು ಕುಳಿತರು.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ, 1976ರ ಪ್ರಕಾರ ಮರ ಕಡಿಯುವುದಕ್ಕೆ ಮೊದಲು ವೃಕ್ಷಾಧಿಕಾರಿಗಳ ಅನುಮತಿ ಪಡೆಯಬೇಕೆಂಬ ನಿಯಮವಿದೆ. ಅನುಮತಿಯ ಮಾತು ಬರುವುದು ನಕ್ಷೆ ಸಿದ್ಧವಾದ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಆದುದರಿಂದ ಶಾಲೆಯಲ್ಲಿ ಯಾವುದೇ ಕಾಮಗಾರಿಗೆ ಗುರುತು ಹಾಕುವ ದಿನ ವಾರ್ಡಿನ ಸದಸ್ಯರು ಅಲ್ಲಿ ಹಾಜರಿರಬೇಕು, ಇರುವ ಮರಗಳನ್ನು ನಕ್ಷೆಯ ಮೇಲೆ ಬರೆಸಬೇಕು ಎಂಬುದು ನನ್ನ ವಿನಂತಿ. ಅಭಿಯಂತರರು ಕೇಳಿದರೆ ಸರಿಸುತ್ತಾರೆ. ಕೇಳುವವರು ಬೇಕು, ಅಷ್ಟೆ.

ಇಷ್ಟನ್ನು ಕಾರ್ಯಕ್ಕೆ ತರುವುದಕ್ಕೆ ಹೊಸ ಯೋಜನೆ ಬೇಡ, ಹೆಚ್ಚಿನ ಹಣವೂ ಬೇಡ. ನಮ್ಮ ಗ್ರಾಮ ನಮ್ಮ ಯೋಜನೆ ಸಿದ್ಧವಾಗುವಾಗ ಪ್ರತಿ ಶಾಲೆ ಮತ್ತು ಅಂಗನವಾಡಿಯ ಬೇಲಿ, ತೊಟ್ಟಿ, ಕೈತೊಳೆಯುವ ನೀರಿನ ಕಾಲುವೆ ಅದರಲ್ಲಿ ಸೇರಲಿ. ಮಾರ್ಚ್ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ 'ಬೇಸಿಗೆ ರಜೆಯಲ್ಲಿ ಶಾಲಾ ಸಸಿಗಳಿಗೆ ನೀರು' ಎಂಬ ಒಂದು ವಿಷಯವಿರಲಿ; ನೀರುಗಂಟಿಯ ಹೆಸರು, ನೀರು ಹಾಕುವವರ ಹೆಸರು, ವಾರದ ದಿನಗಳು, ಸಂಭಾವನೆಯ ಮೊತ್ತ ಈ ನಾಲ್ಕೂ ನಿರ್ಣಯದಲ್ಲಿ ಬರೆದಿರಲಿ. ಹೆಸರಿಲ್ಲದ ನಿರ್ಣಯ ನಡೆಯುವುದಿಲ್ಲವೆಂಬುದು ತಮ್ಮ ಅನುಭವವೂ ಆಗಿರಬಹುದು. 2024ರ ಬೇಸಿಗೆಯಂತೆ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲಿಯೂ ಬಿಸಿಯೂಟ ನಡೆದರೆ ಕೆಲಸ ಇನ್ನೂ ಸುಲಭ. ಶಾಲೆ ತೆರೆದಿರುತ್ತದೆ, ಪಾತ್ರೆ ತೊಳೆದ ನೀರೂ ಇರುತ್ತದೆ. ಮಕ್ಕಳ ವಿಶೇಷ ಗ್ರಾಮ ಸಭೆಯಲ್ಲಿ ನೆಟ್ಟ ಸಸಿಗಳೆಷ್ಟು, ಉಳಿದವೆಷ್ಟು ಎಂಬ ಲೆಕ್ಕವನ್ನು ಮಕ್ಕಳೇ ಎದ್ದು ಓದಲಿ. ಅವರು ಮುಲಾಜು ನೋಡುವುದಿಲ್ಲ.

ನಾನು ನಿವೃತ್ತನಾಗಿ ಕೆಲವು ವರ್ಷಗಳಾದವು. ಆ ಶಾಲೆಯಲ್ಲಿ ಈಗ ಎಂಟು ಮರಗಳಿವೆ. ಕಳೆದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಒಳಗೆ ಹೋಗಿ ನೋಡಿದೆನು. ಮೂರು ಮರಗಳಿದ್ದ ಕಡೆಯ ಕೊಠಡಿಯ ಹಿಂದೆ ಯಾರೋ ಎರಡು ಹೊಂಗೆಯ ಸಸಿ ನೆಟ್ಟು ಮುಳ್ಳು ಕಟ್ಟಿದ್ದರು. ಬುಡದ ಮಣ್ಣು ಒದ್ದೆಯಾಗಿತ್ತು.

ಹೊಂಗೆ ಮತ್ತು ನುಗ್ಗೆಯ ಸಸಿಗಳನ್ನು ಮನೆಯ ಹಿತ್ತಲಿನಲ್ಲಿ ಬೆಳೆಸಿಕೊಂಡಿದ್ದೇನೆ. ಬೇಕಾದವರು ಊಟದ ವಿರಾಮದಲ್ಲಿ ನನ್ನನ್ನು ಕಾಣಬಹುದು. ನೀರು ಯಾರು ಹಾಕುತ್ತಾರೆಂದು ಕೇಳಿಯೇ ಕೊಡುತ್ತೇನೆ.